ಹೊತ್ತು ಮುಳುಗುವ ಮೊದಲು



ಸತ್ಯವೇದದ ಒಂದು ಭಾಗವನ್ನು ಎತ್ತಿಕೊಂಡು ಅದನ್ನು ದಿನದ ಬಾಳಿಗೆ ಹತ್ತಿರ ತಂದು ಮಾತಾಡಬೇಕು ಎಂಬುದು ಈ ಉಪನ್ಯಾಸಕ್ಕೆ ದತ್ತಿಯಿಟ್ಟ ಮನೆತನದ ಆಶಯ. ಪರ್ವತ ಪ್ರಸಂಗವನ್ನೋ 23ನೇ ಕೀರ್ತನೆಯನ್ನೋ ಆರಿಸಿಕೊಂಡಿದ್ದರೆ ನಿಮಗೂ ಹಿತವಾಗಿರುತ್ತಿತ್ತು, ನನಗೂ ಸುಲಭವಾಗುತ್ತಿತ್ತು. ನಾನು ಆರಿಸಿಕೊಂಡದ್ದು ಭಾನುವಾರದ ಪ್ರಸಂಗಗಳಲ್ಲಿ ಅಪರೂಪಕ್ಕೆ ಕಿವಿಗೆ ಬೀಳುವ ಎರಡು ವಚನಗಳನ್ನು. ಧರ್ಮೋಪದೇಶಕಾಂಡ, 24ನೇ ಅಧ್ಯಾಯ, 14 ಮತ್ತು 15. ಅದರ ಸಾರವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಬಡ ಕೂಲಿಯಾಳು ನಿನ್ನ ಜನದವನೇ ಆಗಿರಲಿ, ನಿನ್ನೂರಿಗೆ ಬಂದು ಸೇರಿದ ಪರದೇಶಿಯೇ ಆಗಿರಲಿ, ಅವನನ್ನು ಗೋಳಾಡಿಸಬೇಡ. ಅವನ ಕೂಲಿಯನ್ನು ಆಯಾ ದಿನವೇ, ಹೊತ್ತು ಮುಳುಗುವ ಮೊದಲೇ ಕೊಟ್ಟುಬಿಡು. ಅವನು ಬಡವ, ಅವನ ಜೀವ ಅದರಲ್ಲೇ ಇದೆ. ಕೊಡದಿದ್ದರೆ ಅವನು ನಿನ್ನ ಮೇಲೆ ದೇವರಿಗೆ ಮೊರೆಯಿಡುತ್ತಾನೆ; ಆ ಪಾಪ ನಿನ್ನ ತಲೆಗೆ ಬರುತ್ತದೆ.

ಈ ವಚನಗಳನ್ನು ಓದುವಾಗೆಲ್ಲ ನನ್ನ ಕಣ್ಣು ಹೋಗಿ ನಿಲ್ಲುವುದು ಹೊತ್ತಿನ ಮೇಲೆ. ಎಷ್ಟು ಕೊಡಬೇಕು ಎಂದು ಇಲ್ಲಿ ಹೇಳಿಲ್ಲ. ಯಾವಾಗ ಕೊಡಬೇಕು ಎಂದು ಹೇಳಿದೆ. ನಮ್ಮ ದೇಶದ 1936ರ ವೇತನ ಪಾವತಿ ಕಾಯಿದೆ, ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ ಸಂಬಳದ ಅವಧಿ ಮುಗಿದು 7 ದಿನ ಕಳೆಯುವುದರೊಳಗೆ ಸಂಬಳ ಕೊಡಬೇಕೆಂದು ಗಡುವು ಹಾಕಿತು. ಕಾರ್ಖಾನೆಯ ಕಾಲಕ್ಕೆ ಅದೇ ದೊಡ್ಡ ಮಾತು. ಮೋಶೆಯ ಹೆಸರಿನ ಈ ಶಾಸ್ತ್ರ ಹಾಕುವ ಗಡುವು ಪಡುವಣ ಗುಡ್ಡದಾಚೆ ಇಳಿಯುತ್ತಿರುವ ಸೂರ್ಯ. ಯಾಜಕಕಾಂಡದ 19ನೇ ಅಧ್ಯಾಯವೂ ಇದನ್ನೇ ಹೇಳುತ್ತದೆ: ಕೂಲಿಯವನ ಕೂಲಿ ಬೆಳಗಿನವರೆಗೆ ನಿನ್ನ ಹತ್ತಿರ ಉಳಿಯಬಾರದು. ಇಷ್ಟು ಅವಸರ ಯಾಕೆ? ಒಂದು ರಾತ್ರಿ ಕಳೆದರೆ ಏನಾಗುತ್ತದೆ?

ಏನಾಗುತ್ತದೆ ಎಂಬುದು ನನಗೆ ಗೊತ್ತು. ನನ್ನ ತಾಯಿ ಬೀಡಿ ಕಟ್ಟುತ್ತಿದ್ದರು. ದಕ್ಷಿಣ ಕನ್ನಡದ ಸಾವಿರಾರು ಮನೆಗಳ ಹಾಗೆ ನಮ್ಮ ಮನೆಯ ಜಗಲಿಯಲ್ಲೂ ಹೊಗೆಸೊಪ್ಪಿನ ವಾಸನೆ ಆರಿದ್ದೇ ಇಲ್ಲ. ನೆನೆಸಿದ ಎಲೆಯ ಮೇಲೆ ತಗಡಿನ ಅಳತೆಯಿಟ್ಟು ಕತ್ತರಿ ಆಡಿಸುವುದು, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಹುಡಿ ತುಂಬಿ ಸುರುಳುವುದು, ನೂಲು ಸುತ್ತುವುದು, ಬಾಯಿ ಮಡಚುವುದು. 25ಕ್ಕೆ ಒಂದು ಕಟ್ಟು. ಬೀಡಿ ಕಂಪನಿಯ ಬ್ರ್ಯಾಂಚಿಗೆ ಹೊತ್ತುಕೊಂಡು ಹೋದರೆ ಮೇಜಿನಾಚೆ ಕೂತವರು ಕಟ್ಟನ್ನು ಅಂಗೈಯಲ್ಲಿ ಒತ್ತಿ ನೋಡಿ ಕೆಲವನ್ನು ಬದಿಗೆಸೆಯುತ್ತಿದ್ದರು. ಎಸೆದದ್ದಕ್ಕೆ ಕೂಲಿ ಇಲ್ಲ. ಅದರ ಎಲೆ, ಹೊಗೆಸೊಪ್ಪಿನ ಲೆಕ್ಕ ಮಾತ್ರ ತಾಯಿಯ ಪುಸ್ತಕದಲ್ಲೇ ಉಳಿಯುತ್ತಿತ್ತು.

ಬಟವಾಡೆ ವಾರಕ್ಕೊಮ್ಮೆ, ಸಂಜೆ ಆರಕ್ಕೆ. ನಮ್ಮ ಜೀನಸಿನ ಅಂಗಡಿ ಏಳೂವರೆಗೆ ಮುಚ್ಚುತ್ತಿತ್ತು. ನಮ್ಮ ವಾರದ ಬದುಕೆಲ್ಲ ಈ ಎರಡರ ನಡುವಿನ ಒಂದೂವರೆ ಗಂಟೆಯಲ್ಲಿತ್ತು. ದುಡ್ಡು ಆರಕ್ಕೆ ಕೈಗೆ ಬಂದರೆ ತಾಯಿ ನೇರ ಅಂಗಡಿಗೆ ಹೋಗಿ ಹಳೆಯ ಕಡ ತೀರಿಸಿ ಹೊಸದನ್ನು ತರುತ್ತಿದ್ದರು. ಕಡ ತೀರಿಸದೆ ಹೊಸದು ಸಿಗುತ್ತಿರಲಿಲ್ಲ. ಒಂದು ಬಟವಾಡೆಯ ಸಂಜೆ, ದುಡ್ಡು ತರಬೇಕಾದವರು ಬರಲಿಲ್ಲ, ಸೋಮವಾರ ಬನ್ನಿ ಎಂದು ಬ್ರ್ಯಾಂಚಿನಲ್ಲಿ ಹೇಳಿದರಂತೆ. ತಾಯಿ ಮನೆಗೆ ಬಂದು ಏನೂ ಹೇಳಲಿಲ್ಲ. ಕಂಕುಳಲ್ಲಿ ಮಡಚಿಟ್ಟುಕೊಂಡಿದ್ದ ಬಟ್ಟೆಯ ಚೀಲವನ್ನು ಬಿಡಿಸಿ, ಒಮ್ಮೆ ಕೊಡವಿ, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದರು. ಆ ರಾತ್ರಿ ನಮಗೆ ಗಂಜಿಯ ತೆಳಿ ಸಿಕ್ಕಿತು, ಅಗುಳು ತಂಗಿಗೆ ಹೋಯಿತು.

ಎಂಟು ಗಂಟೆಗೆ ಎಂದಿನಂತೆ ಕುಟುಂಬ ಪ್ರಾರ್ಥನೆ. ಕರ್ತನು ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಿಗೆ ಹೇಳುವಾಗ, ಅನುದಿನದ ಆಹಾರವನ್ನು ಬೇಡುವ ಕಡೆ ತಾಯಿಯ ಸ್ವರ ನಿಂತಿತು. ನಾವು ಮಕ್ಕಳು ಹೇಳಿಕೊಂಡು ಮುಂದೆ ಹೋದೆವು. ಅವರು ಎರಡು ಮಾತು ಹಿಂದುಳಿದು ಆಮೇಲೆ ಬಂದು ಸೇರಿಕೊಂಡರು.

ಆ ಅನುದಿನದ ಆಹಾರದ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಅನುದಿನದ ಎಂದು ನಾವು ಹೇಳುವಲ್ಲಿ ಗ್ರೀಕ್ ಮೂಲದಲ್ಲಿರುವ ಮಾತು ಎಪಿಯೂಸಿಯೋಸ್. ಮತ್ತಾಯನ ಮತ್ತು ಲೂಕನ ಸುವಾರ್ತೆಗಳಿಗಿಂತ ಮುಂಚಿನ ಗ್ರೀಕ್ ಬರಹಗಳಲ್ಲಿ ಅದು ಕಾಣಸಿಗುವುದಿಲ್ಲ. ಸುವಾರ್ತೆ ಬರೆದವರೇ ಇದನ್ನು ಕಟ್ಟಿರಬೇಕೆಂದು 3ನೇ ಶತಮಾನದ ಓರಿಗೆನ್ ಹೇಳಿದ. ಸತ್ಯವೇದವನ್ನು ಲ್ಯಾಟಿನ್ನಿಗೆ ತಂದ ಜೆರೋಮ್, ಇಬ್ರಿಯರ ಸುವಾರ್ತೆ ಎಂಬ ಹಳೆಯ ಗ್ರಂಥದಲ್ಲಿ ಇದೇ ಜಾಗದಲ್ಲಿ ಮಹರ್ ಎಂಬ ಪದ ಕಂಡೆನೆಂದು ಬರೆದಿಟ್ಟಿದ್ದಾನೆ. ಮಹರ್ ಎಂದರೆ ನಾಳೆ. ಹಾಗೆ ಓದಿದರೆ ಬೇಡಿಕೆ ಹೀಗಾಗುತ್ತದೆ: ನಾಳೆಯ ರೊಟ್ಟಿಯನ್ನು ಇವತ್ತು ಕೊಡು.

ಪಂಡಿತರು ಈ ನಾಳೆಯನ್ನು ಬರಲಿರುವ ದೇವರ ರಾಜ್ಯವೆಂದು ವಿವರಿಸಿದ್ದಾರೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಕೂಲಿಯ ಮನೆಯಲ್ಲಿ ಬೆಳೆದವನಿಗೆ ಆ ಮಾತು ಇನ್ನೊಂದು ದಾರಿಯಲ್ಲಿ ತೆರೆದುಕೊಳ್ಳುತ್ತದೆ. ಸಂಜೆಯ ಕೂಲಿಯಿಂದ ಬೇಯುವುದು ನಾಳೆಯ ಅನ್ನ. ಇವತ್ತಿನದು ನಿನ್ನೆಯ ಕೂಲಿಯಲ್ಲಿ ಆಗಿಹೋಗಿದೆ. ನಾಳೆಯದನ್ನು ಇವತ್ತು ಕೊಡು ಎನ್ನುವುದು ಸಂಜೆ ಕೈಯೊಡ್ಡಿ ನಿಂತ ಕೂಲಿಯವನ ಮಾತು. ಗಲಿಲಾಯದ ಹಳ್ಳಿಗಳಲ್ಲಿ ಯೇಸುವಿನ ಸುತ್ತ ಕೂತು ಈ ಪ್ರಾರ್ಥನೆಯನ್ನು ಕೇಳಿದವರಲ್ಲಿ ಅಂಥವರು ಬಹಳ ಮಂದಿ ಇದ್ದರು. ಅವರಿಗೆ ವಿವರಣೆ ಬೇಕಾಗಿರಲಿಲ್ಲ.

ಈಗ ನಿಮ್ಮನ್ನು ಒಂದು ಮಡಕೆಯ ಚೂರಿನ ಹತ್ತಿರ ಕರೆದುಕೊಂಡು ಹೋಗುತ್ತೇನೆ. 1960ರಲ್ಲಿ ಇಸ್ರೇಲಿನ ಕಡಲತೀರದಲ್ಲಿ, ಯಾವ್ನೆ-ಯಾಮ್ ಎಂಬ ಜಾಗಕ್ಕೆ ತೆಂಕಣದಲ್ಲಿರುವ ಒಂದು ಹಾಳುಕೋಟೆಯನ್ನು ಅಗೆದಾಗ ಮಸಿಯಲ್ಲಿ ಬರೆದ ಇಬ್ರಿಯ ಅಕ್ಷರಗಳ ಚೂರುಗಳು ಸಿಕ್ಕವು. ಕೂಡಿಸಿದಾಗ 14 ಸಾಲುಗಳ ಒಂದು ಅರ್ಜಿಯಾಯಿತು. ಕ್ರಿಸ್ತಪೂರ್ವ 7ನೇ ಶತಮಾನದ ಕೊನೆಯ ಭಾಗದ್ದು. ಯೆಹೂದದಲ್ಲಿ ಯೋಷೀಯ ರಾಜನಿದ್ದ ಕಾಲವೆಂದು ಬಹಳಷ್ಟು ವಿದ್ವಾಂಸರ ಎಣಿಕೆ. ಅರ್ಜಿದಾರ ಬೆಳೆ ಕೊಯ್ಯುವ ಆಳು. ಅರ್ಜಿ ಕೋಟೆಯ ಅಧಿಕಾರಿಗೆ. ಅವನು ಹೇಳುವುದಿಷ್ಟು: ನಾನು ಕೊಯ್ದೆ, ಅಳೆದೆ, ಎಂದಿನಂತೆ ಕಣಜಕ್ಕೆ ಹಾಕಿದೆ. ಆಮೇಲೆ ಶೋಬಾಯನ ಮಗ ಹೋಶಾಯಾಹು ಬಂದು ನನ್ನ ಬಟ್ಟೆಯನ್ನು ಕಿತ್ತುಕೊಂಡು ಹೋದ. ಬಿಸಿಲಿನಲ್ಲಿ ನನ್ನ ಜೊತೆ ಕೊಯ್ದ ಅಣ್ಣತಮ್ಮಂದಿರೆಲ್ಲ ನನ್ನ ಪರ ಸಾಕ್ಷಿ ಹೇಳುತ್ತಾರೆ. ನನ್ನದು ತಪ್ಪಿಲ್ಲ. ನನ್ನ ಬಟ್ಟೆ ಕೊಡಿಸಿ.

ಆ ಆಳಿಗೆ ಬರೆಯಲು ಬರುತ್ತಿತ್ತೆಂದು ತೋರುವುದಿಲ್ಲ. ಕೋಟೆಯ ಬಾಗಿಲಲ್ಲಿ ಕೂತ ಬರಹಗಾರನೊಬ್ಬ ಅವನು ಹೇಳಿದ್ದನ್ನು ಹೇಳಿದ ಹಾಗೇ ಇಳಿಸಿಕೊಂಡಿರಬೇಕು. ಬಟ್ಟೆಯ ಮಾತನ್ನು ಮತ್ತೆ ಮತ್ತೆ ಎತ್ತುತ್ತಾನೆ. ತಾಲ್ಲೂಕು ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವವರ ಪಕ್ಕ ಕುಕ್ಕುರುಗಾಲಲ್ಲಿ ಕೂತವರ ಮಾತನ್ನು ಕೇಳಿದ್ದೀರಲ್ಲ, ಅದೇ ಧಾಟಿ. ಬಿಸಿಲಿನ ಮಾತನ್ನು ನೋಡಿ. ಅಧಿಕಾರಿಗೆ ಅದು ಬೇಕಿಲ್ಲ, ನ್ಯಾಯಕ್ಕೆ ಅದರಿಂದ ತೂಕವೇನೂ ಹೆಚ್ಚುವುದಿಲ್ಲ. ಆದರೂ ಅವನು ಹೇಳಿದ್ದಾನೆ, ಬರಹಗಾರ ಬಿಡದೆ ಬರೆದಿದ್ದಾನೆ.

ಈ ಚೂರನ್ನು ಕೈಯಲ್ಲಿ ಹಿಡಿದು ಮತ್ತೆ 24ನೇ ಅಧ್ಯಾಯಕ್ಕೆ ಬನ್ನಿ. ಕೂಲಿಯ ವಚನಗಳಿಗೆ ತುಸು ಮುಂಚೆ, 10ರಿಂದ 13ರವರೆಗೆ, ಅಡವಿನ ಮಾತಿದೆ. ಸಾಲ ಕೊಟ್ಟವನು ಅಡವಿಗಾಗಿ ಸಾಲಗಾರನ ಮನೆಯೊಳಗೆ ನುಗ್ಗಬಾರದು, ಹೊರಗೇ ನಿಲ್ಲಬೇಕು. ಮನೆಯವನೇ ಅಡವನ್ನು ಹೊರಗೆ ತಂದು ಕೊಡಬೇಕು. ಅವನು ಬಡವನಾಗಿದ್ದು ಹೊದಿಕೆಯನ್ನೇ ಅಡವಿಟ್ಟಿದ್ದರೆ, ಹೊತ್ತು ಮುಳುಗುವಾಗ ಅದನ್ನು ಹಿಂದಕ್ಕೆ ಕೊಡಬೇಕು; ಅದನ್ನೇ ಹೊದ್ದು ಅವನು ಮಲಗಬೇಕಲ್ಲ. ಬಡವನ ಹೊಸ್ತಿಲಿನ ಹೊರಗೆ ಸಾಲ ಕೊಟ್ಟವನನ್ನು ಈ ಶಾಸ್ತ್ರ ನಿಲ್ಲಿಸುತ್ತದೆ. ಮನೆಬಾಗಿಲಿಗೆ ವಸೂಲಿಯವರು ಬಂದು ಕೂಗಾಡುವುದನ್ನು ಕಂಡವರಿಗೆ ಈ ಒಂದು ಹೆಜ್ಜೆಯ ಅಂತರದ ಬೆಲೆ ತಿಳಿಯುತ್ತದೆ. ಕಾನೂನು ಹೀಗಿತ್ತು. ನಡೆದದ್ದು ಬೇರೆ. ಪ್ರವಾದಿ ಆಮೋಸ ತನ್ನ ಕಾಲದವರು ಯಜ್ಞವೇದಿಗಳ ಪಕ್ಕದಲ್ಲೇ ಅಡವಿನ ಬಟ್ಟೆಗಳ ಮೇಲೆ ಒರಗಿಕೊಳ್ಳುತ್ತಾರೆಂದು ಸಿಡಿದೆದ್ದ. ಯೋಷೀಯನ ಮಗ ಯೆಹೋಯಾಕೀಮ ಕೂಲಿ ಕೊಡದೆ ಅರಮನೆ ಕಟ್ಟಿಸಿಕೊಂಡದ್ದನ್ನು ಯೆರೆಮೀಯ ಮುಖಕ್ಕೆ ಹೊಡೆದಂತೆ ಆಡಿದ. ಆರಾಧನೆ ನಿಂತಿರಲಿಲ್ಲ. ದೇವಾಲಯವೂ ಇತ್ತು, ಅಡವಿನ ಬಟ್ಟೆಯೂ ಇತ್ತು.

ಮತ್ತೆ ಕೂಲಿಯ ವಚನಕ್ಕೆ ಬರೋಣ. ಅವನ ಜೀವ ಅದರಲ್ಲೇ ಇದೆ ಎಂದು ನಾನು ಆಗ ಹೇಳಿದೆ. ಇಬ್ರಿಯದಲ್ಲಿ ಅಲ್ಲಿರುವ ಪದ ನೆಫೆಷ್: ಉಸಿರು, ಪ್ರಾಣ, ಜೀವ. ಅವನು ತನ್ನ ನೆಫೆಷನ್ನು ಆ ಕೂಲಿಯ ಕಡೆಗೆ ಎತ್ತಿ ಹಿಡಿದಿದ್ದಾನೆ ಎಂಬಂಥ ಮಾತು ಅದು. ಯೆಹೂದ್ಯ ಗುರುಗಳು ತಾಲ್ಮೂದ್ ಗ್ರಂಥದ ಬಾವಾ ಮೆಟ್ಸಿಯಾ ಭಾಗದಲ್ಲಿ ಇದನ್ನು ಚರ್ಚಿಸುತ್ತ ಒಂದು ಪ್ರಶ್ನೆ ಕೇಳುತ್ತಾರೆ. ಈ ಮನುಷ್ಯ ಏಣಿಯಂಥ ಇಳಿಜಾರನ್ನು ಹತ್ತಿದ್ದು, ಮರದಲ್ಲಿ ನೇತಾಡಿದ್ದು, ಸಾವಿಗೆ ತನ್ನನ್ನು ಒಡ್ಡಿಕೊಂಡದ್ದು ಯಾತಕ್ಕೆ? ಕೂಲಿಗಾಗಿ ಅಲ್ಲವೇ? ಆದ್ದರಿಂದ ಅವನ ಕೂಲಿ ಹಿಡಿದವನು ಅವನ ಜೀವ ಹಿಡಿದಂತೆ ಎಂದು ಅವರ ತೀರ್ಮಾನ. ಮಳೆಗಾಲದ ಅಡಿಕೆ ತೋಟದಲ್ಲಿ ಕೊನೆಗೌಡ ಕಾಲಿಗೆ ತಳೆ ಹಾಕಿ, ಪಾಚಿ ಹಿಡಿದ ಮರವೇರಿ, ಮೇಲಿನಿಂದಲೇ ಪಕ್ಕದ ಮರವನ್ನು ಎಳೆದು ದಾಟಿಕೊಳ್ಳುವುದನ್ನು ಉತ್ತರ ಕನ್ನಡದ ನನ್ನ ಗೆಳೆಯರು ಬಲ್ಲರು. ಕೆಳಗೆ ನಿಂತವರ ಉಸಿರೇ ನಿಲ್ಲುವಂಥ ಹೊತ್ತು ಅದು. ಆ ಗುರುಗಳು ಅಡಿಕೆ ಮರ ಕಂಡವರಲ್ಲ. ಖರ್ಜೂರದ ಮರ ಹತ್ತುವವರನ್ನು ಕಂಡಿದ್ದರು, ಅಷ್ಟು ಸಾಕಾಗಿತ್ತು.

ಇನ್ನು ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯ. ದ್ರಾಕ್ಷಿತೋಟದ ಯಜಮಾನ ಬೆಳಿಗ್ಗೆ ಹೋಗಿ ದಿನಕ್ಕೊಂದು ದೆನಾರಿಯಸ್ ಎಂದು ಮಾತಾಡಿ ಆಳುಗಳನ್ನು ಕರೆತರುತ್ತಾನೆ. ಒಂಬತ್ತಕ್ಕೆ, ನಡು ಮಧ್ಯಾಹ್ನಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಸಂಜೆ ಐದಕ್ಕೂ ಹೋಗುತ್ತಾನೆ. ಕೊನೆಗೆ ಐದು ಗಂಟೆಯವರಿಂದ ಶುರುಮಾಡಿ ಎಲ್ಲರಿಗೂ ಒಂದೊಂದು ದೆನಾರಿಯಸ್ ಕೊಡಿಸುತ್ತಾನೆ. ಬೆಳಗಿನಿಂದ ದುಡಿದವರು ಗೊಣಗುತ್ತಾರೆ. ಈ ಸಾಮ್ಯವನ್ನು ನಾವು ಪರಲೋಕದ ಕಥೆಯೆಂದು ಕೇಳುತ್ತ ಬಂದಿದ್ದೇವೆ: ಯೌವನದಲ್ಲಿ ನಂಬಿದವರಿಗೂ ಸಾಯುವ ಹೊತ್ತಿಗೆ ನಂಬಿದವರಿಗೂ ಒಂದೇ ರಕ್ಷಣೆ. ಆ ಅರ್ಥ ಇರಲಿ. ಆದರೆ ಆತ್ಮದ ಲೆಕ್ಕಕ್ಕೆ ಹಾರುವ ಅವಸರದಲ್ಲಿ ಪೇಟೆಬೀದಿಯಲ್ಲಿ ನಿಂತವರನ್ನು ನಾವು ನೋಡದೆ ಹೋಗುತ್ತೇವೆ.

ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು ಯಜಮಾನ ಕೇಳಿದಾಗ ಅವರು ಕೊಡುವ ಉತ್ತರ, ಯಾರೂ ನಮ್ಮನ್ನು ಕರೆಯಲಿಲ್ಲ ಎಂಬುದು. ನಮ್ಮ ಮಂಗಳೂರಿನ ಯಾವ ಸರ್ಕಲ್ಲಿಗಾದರೂ ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿ. ಬಾಗಲಕೋಟೆ, ಗದಗ, ವಿಜಯಪುರದ ಕಡೆಯಿಂದ ಮಂಗಳೂರಿಗೆ ಬಂದವರು ಬುತ್ತಿಯ ಚೀಲ ಹಿಡಿದು ನಿಂತಿರುತ್ತಾರೆ. ಮೇಸ್ತ್ರಿಯ ಪಿಕಪ್ ಬಂದು ನಿಂತಾಗ ಮೊದಲು ಹತ್ತುವವರು ಗಟ್ಟಿಮುಟ್ಟಾದ ಹುಡುಗರು. ಹತ್ತು ಗಂಟೆಗೆ ಅದೇ ಜಾಗದಲ್ಲಿ ಉಳಿದಿರುವವರು ಯಾರು? ತಲೆ ನರೆತವರು, ಕಂಕುಳಲ್ಲಿ ಕೂಸಿರುವ ತಾಯಂದಿರು, ಒಂದು ಕಣ್ಣಿಗೆ ಪೊರೆ ಬಂದವರು. ಅವರು ಸೋಮಾರಿಗಳಲ್ಲ. ಏಳಕ್ಕೇ ಬಂದವರು. ಸಂಜೆ ಐದರವರೆಗೂ ಅಲ್ಲಿ ಒಬ್ಬರು ನಿಂತೇ ಇದ್ದಾರೆಂದರೆ, ಬರಿಗೈಯಲ್ಲಿ ಮನೆಗೆ ಹೋಗಲು ಮುಖವಿಲ್ಲದೆ ನಿಂತಿದ್ದಾರೆ. ದೆನಾರಿಯಸ್ ಎಂದರೆ ಒಂದು ಮನೆಯ ಒಂದು ದಿನ. ಅದರ ಹನ್ನೆರಡನೆಯ ಒಂದು ಭಾಗದಲ್ಲಿ ಮನೆಯ ಯಾವ ಮಗುವಿಗೆ ಉಣ್ಣಿಸುವುದು? ಯಜಮಾನ ಅವರಿಗೆ ಕೊಟ್ಟದ್ದು ನಾಳೆಯ ರೊಟ್ಟಿಯನ್ನು. ಹೊತ್ತು ಮುಳುಗುವಾಗಲೇ ಕೊಟ್ಟ, ಶಾಸ್ತ್ರ ಹೇಳಿದಂತೆಯೇ.

ಗೊಣಗಿದವರಿಗೆ ಅವನು ಹೇಳುವ ಮಾತಿನಲ್ಲಿ, ಗ್ರೀಕ್ ಮೂಲದಲ್ಲಿ, ನುಡಿಗಟ್ಟೊಂದಿದೆ: ನಾನು ಒಳ್ಳೆಯವನಾದದ್ದಕ್ಕೆ ನಿನ್ನ ಕಣ್ಣು ಕೆಟ್ಟಿತೇ ಎಂದು. ನಾವು ಹೊಟ್ಟೆಕಿಚ್ಚು ಎನ್ನುತ್ತೇವೆ. ಅವರಿಗೆ ಅದು ಕಣ್ಣಿನ ರೋಗ. ಬೆಳಗಿನಿಂದ ದುಡಿದವರ ದಣಿವು ಸುಳ್ಳಲ್ಲ. ಯಜಮಾನ ಅವರನ್ನು ಬೈಯುವುದಿಲ್ಲ, ಗೆಳೆಯಾ ಎಂದು ಕರೆಯುತ್ತಾನೆ. ಅವರ ಕೂಲಿಯಲ್ಲಿ ಕಾಸೂ ಕಡಿಮೆಯಾಗಿಲ್ಲ. ಪಕ್ಕದವನ ಕೈಗೆ ಬಿದ್ದ ನಾಣ್ಯವನ್ನು ನೋಡಿದ ಮೇಲೆ ತಮ್ಮ ಕೈಯ ನಾಣ್ಯ ಅವರಿಗೆ ಸಣ್ಣದಾಗಿ ಕಂಡಿತು, ಅಷ್ಟೇ.

ಈ ಸಾಮ್ಯದ ಒಂದು ಕೊಂಬೆ ನಮ್ಮ ನಾಡಿನವರೆಗೂ ಚಾಚಿದೆ. ಜಾನ್ ರಸ್ಕಿನ್ ಇದರೊಳಗಿನ ಮೂರು ಪದಗಳನ್ನೇ ಹೆಸರಾಗಿಟ್ಟು 'ಅನ್‌ಟು ದಿಸ್ ಲಾಸ್ಟ್' ಎಂಬ ಲೇಖನಮಾಲೆಯನ್ನು 1860ರಲ್ಲಿ ಬರೆದ. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೊರಟ ಗಾಂಧೀಜಿಗೆ ಗೆಳೆಯ ಪೋಲಾಕ್ ಆ ಪುಸ್ತಕವನ್ನು ರೈಲ್ವೆ ನಿಲ್ದಾಣದಲ್ಲಿ ಕೊಟ್ಟರು. ಆ ರಾತ್ರಿ ಗಾಂಧೀಜಿ ನಿದ್ದೆ ಮಾಡಲಿಲ್ಲ. ಅದೇ ವರ್ಷ ಫೀನಿಕ್ಸ್ ಆಶ್ರಮ ಹುಟ್ಟಿತು. ಅಲ್ಲಿ ಬಣ್ಣ, ದೇಶ ಎಣಿಸದೆ ಎಲ್ಲರಿಗೂ ತಿಂಗಳಿಗೆ 3 ಪೌಂಡ್ ಎಂದು ಗೊತ್ತುಮಾಡಿದರು. 1908ರಲ್ಲಿ ಅದನ್ನು ಗುಜರಾತಿಗೆ ಸಂಗ್ರಹಿಸಿ ತಂದಾಗ ಅವರಿಟ್ಟ ಹೆಸರು 'ಸರ್ವೋದಯ'. ಇವತ್ತು ನಮ್ಮ ಊರೂರಿನ ಸಂಘಗಳ, ಶಾಲೆಗಳ ಫಲಕದ ಮೇಲಿರುವ ಆ ಪದದ ಬೇರು ಸಂಜೆ ಐದಕ್ಕೆ ಪೇಟೆಬೀದಿಯಲ್ಲಿ ನಿಂತಿದ್ದವನ ಕಾಲಬುಡದಲ್ಲಿದೆ.

ಐದು ಗಂಟೆಗೂ ಕರೆ ಬಾರದವರ ಪಾಡೇನು? 24ನೇ ಅಧ್ಯಾಯ ಅವರನ್ನೂ ಮರೆತಿಲ್ಲ. ಹೊಲದಲ್ಲಿ ಸಿವುಡು ಮರೆತು ಬಂದರೆ ತರಲು ಹಿಂದಿರುಗಬೇಡ, ಅದು ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಇರಲಿ ಎನ್ನುತ್ತದೆ. ಹೊಲದ ಮೂಲೆಯನ್ನು ಪೂರ್ತಿ ಕೊಯ್ಯಬೇಡ ಎನ್ನುವುದು ಯಾಜಕಕಾಂಡ. ಎಷ್ಟು ಬಿಡಬೇಕು ಎಂಬ ಪ್ರಶ್ನೆಗೆ ಯೆಹೂದ್ಯರ ಮಿಷ್ನಾ ಗ್ರಂಥದ ಗುರುಗಳು ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಬೇಡ ಎಂದರು. ನಮ್ಮ ಸತ್ಯವೇದದ ಅನುವಾದಕರು ಇದಕ್ಕೆ ಪುಸ್ತಕದ ಪದ ಹುಡುಕಲಿಲ್ಲ. ಹಕ್ಕಲಾಯುವುದು ಎಂದು ರೈತರ ಮಾತನ್ನೇ ತಂದರು. ಮೋವಾಬಿನ ರೂತಳು ಬೇತ್ಲೆಹೇಮಿನಲ್ಲಿ ಹಕ್ಕಲಾಯಲು ಹೋದದ್ದು ಈ ಕಾನೂನಿನ ನೆರಳಲ್ಲೇ. ಬೋವಜ ತನ್ನ ಆಳುಗಳಿಗೆ, ಕಟ್ಟಿದ ಹೊರೆಯಿಂದ ಒಂದಿಷ್ಟು ತೆನೆ ಎಳೆದು ಅವಳಿಗಾಗಿ ಬೀಳಿಸಿರಿ, ಗದರಬೇಡಿ ಎಂದು ಗುಟ್ಟಾಗಿ ಹೇಳುತ್ತಾನೆ. ಕೈನೀಡಿ ಕೊಟ್ಟಿದ್ದರೆ ಅದು ಭಿಕ್ಷೆಯಾಗುತ್ತಿತ್ತು. ಅವಳು ಬಗ್ಗಿ ಆಯ್ದಳು, ಸಂಜೆ ಬಡಿದು ಕಾಳು ಮಾಡಿದಳು, ಮಧ್ಯಾಹ್ನ ಉಂಡು ಮಿಗಿಸಿಟ್ಟಿದ್ದನ್ನೂ ಸೆರಗಿನಿಂದ ತೆಗೆದು ಅತ್ತೆ ನೊವೊಮಿಗೆ ಕೊಟ್ಟಳು.

ಹಕ್ಕಲು ಎಂದ ಕೂಡಲೇ ನಿಮಗೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನೆನಪಾಗಿರಬೇಕು. 12ನೇ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವುದೇ ಕಾಯಕವಾಗಿದ್ದ ದಂಪತಿ. ಒಂದು ದಿನ ಗಂಡ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಹೆಂಡತಿ ಕಳಿಸಿದಳೆಂಬ ಕಥೆ. ವಿಮೋಚನಕಾಂಡದಲ್ಲೂ ಅಂಥದೇ ಒಂದು ಕಥೆಯಿದೆ: ಅರಣ್ಯದಲ್ಲಿ ಇಸ್ರಾಯೇಲರಿಗೆ ಆಕಾಶದಿಂದ ಮನ್ನ ಎಂಬ ಆಹಾರ ಬಿದ್ದಾಗ ತಲೆಗೊಂದು ಓಮೆರ್ ಎಂಬ ಅಳತೆ. ನಾಳೆಗೆಂದು ಕೂಡಿಟ್ಟದ್ದು ಹುಳುಬಿದ್ದು ನಾರಿತು. ಲಕ್ಕಮ್ಮ ವಿಮೋಚನಕಾಂಡ ಓದಿದವಳಲ್ಲ. ಅವಳಿಗೂ ಮೋಶೆಗೂ ಒಂದೇ ಅಳತೆ ಹೇಗೆ ಸಿಕ್ಕಿತೆಂದು ನಾನು ತರ್ಕ ಮಾಡಲಾರೆ, ಕೈಮುಗಿಯಬಲ್ಲೆ.

ಕೊನೆಗೆ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡಬೇಕು. ಹನ್ನೆರಡು ವರ್ಷಗಳ ಹಿಂದಿನ ಮಾತು. ನನ್ನ ತಾಯಿ ಆಗ ಹಾಸಿಗೆ ಹಿಡಿದಿದ್ದರು. ಕಾಯಿ ಕೀಳಲು ಬಂದವರು ನಮ್ಮ 11 ತೆಂಗಿನ ಮರಗಳನ್ನೂ ಹತ್ತಿ ಇಳಿದು, ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು ಅಂಗಳದ ಬದಿಯಲ್ಲಿ ನಿಂತರು. ನನ್ನ ಹತ್ತಿರ ಚಿಲ್ಲರೆ ಇರಲಿಲ್ಲ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದ ಮೇಲೆ, ಹಿಡಿದಿಟ್ಟ ಕೂಲಿ ಕೂಗುತ್ತದೆ ಎಂಬ ಮಾತಿನ ಮೇಲೆ, ಭಾನುವಾರಕ್ಕೆ ಟಿಪ್ಪಣಿ ಬರೆಯುತ್ತಿದ್ದೆ. ತಲೆ ಎತ್ತದೆ, ನಾಳೆ ಬನ್ನಿ ಎಂದೆ. ಆಗಲಿ ಎಂದು ಅವರು ಹೋದರು.

ಒಳಗಿನಿಂದ ತಾಯಿ ಕರೆದರು.

"ಮಗಾ, ಅವರಿಗೆ ಕೊಟ್ಟೆಯಾ?"

"ನಾಳೆ ಕೊಡ್ತೇನಮ್ಮ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಅವರ ಅಂಗಡಿ ಎಷ್ಟು ಗಂಟೆಗೆ ಮುಚ್ತದೆ, ಗೊತ್ತುಂಟಾ ನಿನಗೆ?"

ಸ್ಕೂಟರ್ ಹತ್ತಿ ಹೊರಟೆ. ಗುಡ್ಡೆಯ ಕೆಳಗಿನ ಅಂಗಡಿಯಲ್ಲಿ ಒಂದೇ ಒಂದು ಹಲಗೆ ಬಿಟ್ಟು ಉಳಿದ ಹಲಗೆಗಳನ್ನೆಲ್ಲ ಹಾಕಿಯಾಗಿತ್ತು. ಅವರು ಮೆಟ್ಟಿಲ ಮೇಲೆ ಕೂತಿದ್ದರು, ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಮೊಣಕಾಲ ಮೇಲಿಟ್ಟುಕೊಂಡು. ನಾನು ದುಡ್ಡು ಕೊಟ್ಟೆ. ಅವರು ಎಣಿಸದೆ ಎದ್ದು, ಆ ಒಂದು ಹಲಗೆಯ ಸಂದಿನಲ್ಲಿ ಚೀಲವನ್ನು ಒಳಕ್ಕೆ ಚಾಚಿದರು. ಅಂಗಡಿಯವನು ಆರಿಸಿದ್ದ ದೀಪವನ್ನು ಮತ್ತೆ ಹಚ್ಚಿದ.